ಹುಳದ ಮೇಷ್ಟ್ರ ಸ್ಲೈಡು

ಗಾದೆಪ್ಪ ಬಾಗಿಲು ಬಡಿದಾಗ ಅಮರೇಶ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ. ಕೈ ಅಲ್ಲೇ ನಿಂತಿತು.

"ಸಾರ್, ಒಳಗ ಅದೀರೇನ್ರಿ?"

"ಅದೀನಿ."

"ಎರಡನೇ ಶನಿವಾರ ಯಾಕ್ ಬಂದ್ರಿ? ಬಾಗ್ಲಾ ಬ್ಯಾರೆ ಹಾಕ್ಕೊಂಡೀರಿ."

"ಗಾಳಿ ಬರ್ತೈತಿ."

ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ. ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ. ಗಾದೆಪ್ಪ ಇಪ್ಪತ್ತು ವರ್ಷದಿಂದ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಮೇಷ್ಟ್ರುಗಳ ಸುಳ್ಳು ಅವನಿಗೆ ಹೊಸದಲ್ಲ. "ಆತ್ ಬಿಡ್ರಿ" ಎಂದು ಚಪ್ಪಲಿ ಎಳೆಯುತ್ತ ಹೋದ.

ಡಬ್ಬಿಯಲ್ಲಿದ್ದದ್ದು ಅಮರೇಶನದೇ ವೀರ್ಯ. ಸತ್ಯನಾರಾಯಣಪೇಟೆಯ ಮನೆಯಿಂದ ಸ್ಕೂಟರಿನಲ್ಲಿ, ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ. ಗಂಟೆಯೊಳಗೆ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಲ್ಯಾಬಿಗೆ ಕೊಡಿ ಎಂದೂ ಹೇಳಿದ್ದರು. ಆದರೆ ಆ ಲ್ಯಾಬಿನಲ್ಲಿ ಕೂತಿರುವ ಹಂಪೇಶ ಅವನ ಹಳೆಯ ವಿದ್ಯಾರ್ಥಿ. ಹೋದ ತಿಂಗಳು ಅಮರೇಶ ಅಲ್ಲಿಗೆ ಹೋಗಿದ್ದ. ಹಂಪೇಶ ಎದ್ದು ಕೈಮುಗಿದು, "ಏನ್ ಮಾಡಿಸ್ಬೇಕಾಗಿತ್ರಿ ಸಾರ್?" ಎಂದ. ಅಮರೇಶ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ಸಕ್ಕರೆ ಇರಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷ. ಹೆಂಡತಿ ದಾಕ್ಷಾಯಣಿಯ ಪರೀಕ್ಷೆಗಳೆಲ್ಲ ಮುಗಿದು, ಏನೂ ದೋಷವಿಲ್ಲವೆಂದು ತಿಳಿದಿತ್ತು. ಕುರುಗೋಡಿನಲ್ಲಿರುವ ಅವ್ವ ಜಂಬಮ್ಮನಿಗೆ ಮಾತ್ರ ಇದು ತಿಳಿದಿರಲಿಲ್ಲ. ತಿಳಿಯದಂತೆ ನೋಡಿಕೊಂಡವನು ಅವನೇ. ಹಾಗಾಗಿ ಅವ್ವ ಸೊಸೆಯನ್ನು ತೆಕ್ಕಲಕೋಟೆಯಲ್ಲಿ ಬೇರಿನ ಔಷಧಿ ಕೊಡುವವನೊಬ್ಬನ ಬಳಿ ಕರೆದೊಯ್ಯುತ್ತಿದ್ದಳು. ಎರಡು ಸಲ ಕುಡಿದು ದಾಕ್ಷಾಯಣಿ ವಾರಗಟ್ಟಲೆ ವಾಂತಿ ಮಾಡಿಕೊಂಡಿದ್ದಳು. ಇವತ್ತು ಮೂರನೆಯದು.

ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಕಡಿ ದೋಷ ಐತಿ ಅಂದ್ರ ನಾ ಅದನ್ನ ಕುಡಿಯಾದು ತಪ್ಪತೈತಿ. ಅತ್ತಿ ಮುಂದ ನಾನ ಹೇಳ್ತೀನಿ, ನೀವು ಬಾಯಿ ಬಿಡಬ್ಯಾಡ್ರಿ."

"ಕಾಲೇಜಿನಾಗ ನಾನ ನೋಡ್ತೀನಿ."

"ಕುಡಿಯಾಕಿಂತ ಮೊದ್ಲು ಫೋನ್ ಮಾಡ್ತೀನಿ."

ಅಮರೇಶನ ಡಾಕ್ಟರೇಟು ಕಡಲಿನ ಬಿರುಗೂದಲ ಹುಳುಗಳ ವೀರ್ಯಾಣುವಿನ ರಚನೆಯ ಮೇಲೆ. ಕಡಲಿಲ್ಲದ ಊರಿನಲ್ಲಿ ಇದರಿಂದ ಬಂದ ಲಾಭವೆಂದರೆ ಹುಳದ ಮೇಷ್ಟ್ರು ಎಂಬ ಅಡ್ಡಹೆಸರು. ವೀರ್ಯಾಣುವಿನ ತಲೆ ನೋಡಿದರೆ ಬಹುಮಟ್ಟಿಗೆ ಹುಳುವಿನ ಸಂಸಾರ ತಿಳಿಯುತ್ತದೆ ಎಂದು ಅವನು ಪ್ರತಿ ವರ್ಷ ಪಾಠ ಹೇಳುತ್ತಿದ್ದ. ತಲೆ ಉದ್ದಕ್ಕೆ ಚೂಪಾಗಿದ್ದರೆ, ಹೆಣ್ಣು ಅದನ್ನು ತನ್ನ ಮೈಯಲ್ಲಿ ಕಾಪಾಡಿಕೊಳ್ಳುವ ಜಾತಿ. ದುಂಡಗೆ, ಗಿಡ್ಡಗೆ ಇದ್ದರೆ, ಗಂಡು ಅದನ್ನು ನೀರಿಗೆ ಚೆಲ್ಲಿಬಿಡುವ ಜಾತಿ. ಹೆಣ್ಣು ತನ್ನ ಪಾಡಿಗೆ ಮೊಟ್ಟೆ ಚೆಲ್ಲಿರುತ್ತದೆ. ಒಂದನ್ನೊಂದು ಮುಟ್ಟುವುದೂ ಬೇಡ. ಈ ಎರಡನೆಯ ಜಾತಿಯ ಮೇಲೆ ಅವನಿಗೆ ಮೊದಲಿನಿಂದಲೂ ಪ್ರೀತಿ. ಎದುರಿಗೆ ಕೂತು ಯಾರೂ ಏನೂ ಕೇಳುವುದಿಲ್ಲ.

ಮುಚ್ಚಳ ತೆಗೆದ. ಎಡಗೈ ಸೀಸೆ ಎತ್ತಿತು, ಬಲಗೈ ಪಿಪೆಟ್ಟು ಹಿಡಿಯಿತು. ಡಬ್ಬಿಗೆ ಸುರಿದ, ಅಲುಗಾಡಿಸಿದ, ಒಂದು ಹನಿ ಸ್ಲೈಡಿಗೆ ಹಾಕಿ ಗಾಜು ಮುಚ್ಚಿದ. ಹನ್ನೆರಡು ವರ್ಷ ಪಳಗಿದ ಕೈಗಳು, ಹೇಳಿಸಿಕೊಳ್ಳಬೇಕಾಗಿರಲಿಲ್ಲ.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ. ಇದ್ದವು! ತಲೆ, ಕುತ್ತಿಗೆ, ಬಾಲ. ಲೆಕ್ಕವಿಲ್ಲದಷ್ಟಿದ್ದವು. ದಾಕ್ಷಾಯಣಿಗೆ ಹೇಳಬೇಕೆನ್ನಿಸಿತು.

ಆಮೇಲೆ ನೋಡಿದ. ಒಂದೂ ಅಲುಗುತ್ತಿರಲಿಲ್ಲ.

ಸ್ಲೈಡು ಸರಿಸಿದ. ಅಲ್ಲಿಯೂ ಅಲುಗಾಟವಿಲ್ಲ. ಆಗ ಮೂಗಿಗೆ ವಾಸನೆ ಬಂತು. ಪಕ್ಕದಲ್ಲಿ ಫಾರ್ಮಲಿನ್ ಸೀಸೆ ಬಾಯಿ ತೆರೆದುಕೊಂಡು ಕೂತಿತ್ತು. ಯಾವ ಮಾದರಿ ಬಂದರೂ ಕೆಡದಿರಲೆಂದು ಮೊದಲು ಫಾರ್ಮಲಿನ್ ಹಾಕುವುದು ಅವನ ಪದ್ಧತಿ; ಜೀವವಿದ್ದದ್ದೂ ಅದರಲ್ಲಿ ಸಾಯುತ್ತದೆ. ಕಡಲ ತೀರದಿಂದ ಬರುತ್ತಿದ್ದ ಹುಳುಗಳೂ ಫಾರ್ಮಲಿನ್‌ನಲ್ಲೇ ಬರುತ್ತಿದ್ದವು. ಇಷ್ಟು ವರ್ಷದಲ್ಲಿ ಜೀವ ಇರುವ ಒಂದು ವೀರ್ಯಾಣುವನ್ನೂ ಅವನು ಕಂಡಿರಲಿಲ್ಲ. ಇವು ಮೊದಲೇ ಸತ್ತಿದ್ದವೋ, ತಾನು ಕೊಂದದ್ದೋ ತಿಳಿಯುವ ದಾರಿಯಿರಲಿಲ್ಲ.

ಫೋನು ಬಂತು.

"ಬಟ್ಲ ಕೈಯಾಗ ಕೊಟ್ಟಾರ್ರಿ," ದಾಕ್ಷಾಯಣಿ ಪಿಸುಗುಟ್ಟಿದಳು. "ನೋಡಿದ್ರಾ?"

"ನೋಡಾಕತ್ತೀನಿ."

"ಅದಾವೇನು?"

"ಅದಾವು."

"ಮತ್ತ?"

ಮೂರು ದಿನ ಬಿಟ್ಟು ಹೊಸ ಮಾದರಿ ತಂದು ಮತ್ತೆ ನೋಡಬಹುದಿತ್ತು. ಅಲ್ಲಿಯ ತನಕ ಕುಡಿಯಬೇಡ ಎಂದರೆ ಸಾಕಿತ್ತು. ಆದರೆ ಆಗಲೂ ಅವು ಅಲುಗದಿದ್ದರೆ? ಇವತ್ತು ಅಲುಗದಿರುವುದಕ್ಕೆ ಒಂದು ಸೀಸೆಯ ನೆಪವಾದರೂ ಇತ್ತು. ಅಮರೇಶನಿಗೆ ಭಯವಾಯಿತು, ತನ್ನ ಮೇಲೆ ಹೇಸಿಗೆಯೂ ಆಯಿತು.

"ಏನೂ ಹೇಳಾಕ ಬರಂಗಿಲ್ಲ," ಎಂದ.

ಅವಳ ಹಿಂದಿನಿಂದ ಅವ್ವನ ದನಿ ಕೇಳಿಸಿತು: "ಲಗೂನ ಕುಡಿಯವಾ, ಆರಿದ್ರ ಗುಣ ಹೋಗತೈತಿ." ಮೂರು ಗುಟುಕು ಅವನಿಗೆ ಸ್ಪಷ್ಟವಾಗಿ ಕೇಳಿಸಿದವು. ಅವಳು ಬೇಕೆಂದೇ ಫೋನು ಬಾಯಿಯ ಹತ್ತಿರ ಹಿಡಿದಿದ್ದಳು. ನಾಲ್ಕನೆಯದರ ಹೊತ್ತಿಗೆ ಅವನೇ ಕರೆ ಕತ್ತರಿಸಿದ.

ಸ್ಲೈಡು ತೊಳೆಯಲು ನಲ್ಲಿಯ ತನಕ ಹೋಗಿ, ತೊಳೆಯದೆ ಹಿಂತಿರುಗಿದ. ಕಾಪಿಡುವ ಸ್ಲೈಡುಗಳ ಅಂಚು ಮುಚ್ಚಲೆಂದು ದಾಕ್ಷಾಯಣಿಯ ಡ್ರಾಯರಿನಿಂದ ಎಂದೋ ತಂದಿಟ್ಟಿದ್ದ ಕೆಂಪು ಉಗುರುಬಣ್ಣ ಕಪಾಟಿನಲ್ಲಿತ್ತು. ಗಾಜಿನ ನಾಲ್ಕೂ ಬದಿಗೆ ಹಚ್ಚಿದ. ಚೀಟಿಯಲ್ಲಿ ತಾರೀಖು ಬರೆದ, ಬಳ್ಳಾರಿ ಎಂದು ಬರೆದ. ಜಾತಿಯ ಹೆಸರಿನ ಜಾಗ ಖಾಲಿ ಬಿಟ್ಟ.

"ಸಾರ್," ಗಾದೆಪ್ಪ ಹೊರಗಿನಿಂದ ಕೂಗಿದ, "ಈಗ ಖರೇನ ಗಾಳಿ ಬಿಟ್ಟೈತಿ. ಬಾಗ್ಲಾ ತಗೀರಿ."

ಅಮರೇಶ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಸುತ್ತ ಕೆಂಪು ಅಂಚು; ನಡುವೆ ಬರೀ ಗಾಜು. ಪೆಟ್ಟಿಗೆಯಲ್ಲಿ ಹುಳುಗಳ ಸಾಲಿನ ಕೊನೆಗೆ ಅದಕ್ಕೊಂದು ಜಾಗವಿತ್ತು.