ನಾಯಿಬೇಲಿ

ಉದ್ಘಾಟನೆಗೆ ಇನ್ನೂ ಹೊತ್ತಿರುವಾಗಲೇ ವಾಸ್ತುಶಿಲ್ಪಿ ಫುಮಿಯೆ ತೋಕಿತಾ ನಿಲ್ದಾಣದ ದಕ್ಷಿಣ ಬಾಗಿಲಿಗೆ ಬಂದಳು. ಜನ ಸೇರುವ ಮೊದಲು ತಾನು ಕಟ್ಟಿದ್ದನ್ನು ಒಬ್ಬಳೇ ಕಣ್ತುಂಬ ನೋಡಬೇಕೆಂಬ ಆಸೆ. ರೈಲು ಸೇತುವೆಯ ಕೆಳಗೆ, ಉದ್ದನೆಯ ಕಾಂಕ್ರೀಟು ಗೋಡೆಗೆ ಒರಗಿ, ಸೀಳಿದ ಹಸಿ ಬಿದಿರು ಅಲೆಅಲೆಯಾಗಿ ಬಾಗಿ ನೆಲ ಮುಟ್ಟಿತ್ತು. ಒಂದೇ ಒಂದು ಮೊಳೆಯಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಓಡಿದ ಕಪ್ಪು ನಾರಿನ ಹಗ್ಗವೊಂದೇ ಅಷ್ಟೂ ಬಿದಿರನ್ನು ಬಗ್ಗಿಸಿ ಹಿಡಿದಿತ್ತು. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು. ಪಕ್ಕದ ಫಲಕದಲ್ಲಿ ಅವಳದೇ ಹೆಸರು, ಅವಳೇ ಇಟ್ಟ ಶೀರ್ಷಿಕೆ: ‘ಉಸಿರಾಡುವ ಗೋಡೆ’.

ಅವಳು ಹುಟ್ಟಿ ಬೆಳೆದದ್ದು ಕ್ಯೋತೋದಲ್ಲಿ. ಅಲ್ಲಿ ಹಳೆಯ ಮನೆಗಳ ಗೋಡೆಯ ಬುಡಕ್ಕೆ ಹೀಗೆಯೇ ಬಾಗಿದ ಬಿದಿರ ಬೇಲಿ ಇರುತ್ತದೆ. ಆ ಆಕಾರವೇ ಬೇಕೆಂದು ಕೇಳಿದವರು ಈ ಊರಿನ ನಗರಸಭೆಯವರು. ಮೊದಲು ಚೌಕದ ನಡುವೆ ನಿಲ್ಲಿಸುವುದೆಂದಿತ್ತು. ಆಮೇಲೆ ಮಳೆ ತಾಗದಿರಲೆಂದು ಸೇತುವೆಯಡಿಗೆ ತಂದರು. ಬಿದಿರಿನ ಮೇಲೆ ಇಷ್ಟು ಕಾಳಜಿಯಿರುವ ಅಧಿಕಾರಿಗಳೂ ಉಂಟಲ್ಲ ಎಂದು ಅವಳು ಹಿಗ್ಗಿದ್ದಳು.

ಗೋಡೆಯ ಆ ತುದಿಯಲ್ಲಿ ಒಬ್ಬ ಮುದುಕಿ, ಕಂಕುಳಲ್ಲಿ ಮಡಿಚಿದ ರಟ್ಟು ಹಿಡಿದು, ಬಿದಿರನ್ನು ಅಂಗೈಯಿಂದ ಸವರುತ್ತಿದ್ದಳು.

"ನೀವೇನಮ್ಮಾ ಇದನ್ನ ಕಟ್ಟಿದ್ದು?"

"ಹೂಂ ಅಜ್ಜಿ. ಹೇಗಿದೆ?"

"ಲಕ್ಷಣವಾಗಿದೆ. ನಮ್ಮಮ್ಮ ಕೆಲಸಕ್ಕಿದ್ದ ಮನೆಗೂ ಇಂಥದ್ದೇ ಇತ್ತು. ನಾಯಿ ಬಂದು ಗೋಡೆಗೆ ಕಾಲೆತ್ತಬಾರದು ಅಂತ." ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಆದ್ರೆ ಇಲ್ಲಿ ನಾಯಿ ಎಲ್ಲಿತ್ತಮ್ಮಾ? ಇದ್ದಿದ್ದು ನಾನೊಬ್ಬಳೇ."

ಫುಮಿಯೆಗೆ ನೆನಪಾಯಿತು. ಅಳತೆಗೆ ಬಂದ ದಿನ ಇದೇ ಗೋಡೆಯಡಿ ರಟ್ಟಿನ ಗೂಡೊಂದಿತ್ತು. ಅದರ ಬಾಯಲ್ಲಿ ಒಂದು ಜೊತೆ ಬೂಟು, ಎಲ್ಲರೂ ಮನೆಯ ಹೊಸ್ತಿಲಲ್ಲಿ ಕಳಚಿಡುವಂತೆ, ತುದಿ ಹೊರಗೆ ಮಾಡಿ ಒಪ್ಪವಾಗಿ ಜೋಡಿಸಿತ್ತು. ಅವಳು ಅದನ್ನು ದಾಟಿಕೊಂಡೇ ಅಳತೆಪಟ್ಟಿ ಎಳೆದಿದ್ದಳು.

"ಈಗ ಎಲ್ಲಿ ಮಲಗ್ತೀರಿ?"

"ಎಲ್ಲಿ ಮಲಗೋದು? ಪಾರ್ಕಿನ ಬೆಂಚಿಗೆ ನಡುನಡುವೆ ಕಬ್ಬಿಣದ ಕೈ ಕೂರಿಸಿದ್ದಾರೆ. ರಾತ್ರಿಯೆಲ್ಲ ನಡೀತೀನಿ, ಹಗಲು ಲೈಬ್ರರೀಲಿ ತೂಕಡಿಸ್ತೀನಿ. ಗೊರಕೆ ಹೊಡೆದ್ರೆ ಎಬ್ಬಿಸಿ ಕಳಿಸ್ತಾರೆ."

ಅಷ್ಟರಲ್ಲಿ ನಗರಸಭೆಯ ಅಧಿಕಾರಿ ಮುರೊಯಿ ಬಂದು ಸೊಂಟ ಬಗ್ಗಿಸಿ ವಂದಿಸಿದ. ಬಗ್ಗುವುದರಲ್ಲಿ ಅವನು ಬಿದಿರನ್ನೂ ಮೀರಿಸುವ ಆಸಾಮಿ. ಅವನನ್ನು ಕಂಡದ್ದೇ ಮುದುಕಿ ಕಂಬದ ಮರೆಗೆ ಸರಿದಳು.

"ಮುರೊಯಿ ಸಾನ್, ಇದನ್ನ ಈ ಗೋಡೆಗೆ ತಂದಿದ್ದು ಆ ಅಜ್ಜಿನ ಓಡಿಸೋಕಾ?"

"ಛೆ ಛೆ, ಹಾಗೆಲ್ಲ ಹೇಳ್ಬಾರದು ಸೆನ್ಸೇ." ಗುರುಗಳನ್ನು ಕರೆಯುವ ಗೌರವದ ಮಾತಲ್ಲೇ ಕರೆದು, ಆಚೀಚೆ ನೋಡಿ ದನಿ ತಗ್ಗಿಸಿದ. "ನಿಮ್ಮ ಹತ್ರ ಯಾಕೆ ಮುಚ್ಚುಮರೆ? ಕಬ್ಬಿಣದ ಮುಳ್ಳು ಹಾಕಿದ್ರೆ ಪೇಪರಿನವರು ಬಾಯಿ ಬಡ್ಕೋತಾರೆ. ಬಿದಿರು ಹಾಕಿದ್ರೆ ಫೋಟೋ ತೆಗೀತಾರೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯ್ತು ನೋಡಿ. ಎಲ್ಲ ನಿಮ್ಮ ದಯೆ."

ಮತ್ತೆ ಬಗ್ಗಿದ. ಎಣ್ಣೆ ಹಾಕಿ ಬಾಚಿದ ಆ ನೆತ್ತಿಯನ್ನು ಫುಮಿಯೆ ನೋಡಿದಳು. ಥೂ! ಇವನಾದರೂ ಸಂಬಳಕ್ಕೆ ಬಗ್ಗುವವನು. ತಾನು? ನಾಯಿ ಓಡಿಸುವ ಬೇಲಿಯೆಂದು ಚಿಕ್ಕಂದಿನಿಂದಲೂ ಗೊತ್ತಿದ್ದು, ಬಾಗು ಚೆಂದ, ನೆರಳು ಚೆಂದ ಎಂದು ಹೊಗಳಿಕೊಂಡು ಮನುಷ್ಯಳೊಬ್ಬಳ ಹಾಸಿಗೆಯ ಮೇಲೆ ತಂದು ಕೂರಿಸಿದವಳು. ‘ಉಸಿರಾಡುವ ಗೋಡೆ’ಯಂತೆ! ನಿನ್ನೆಯವರೆಗೆ ಮೂಗರಳಿಸಿ ಮೂಸುತ್ತಿದ್ದ ಹಸಿ ಬಿದಿರಿನ ವಾಸನೆಗೆ ಈಗ ವಾಕರಿಕೆ ಬಂತು. ಬಾಯಿ ಮುಚ್ಚಿಕೊಂಡು ರಿಬ್ಬನ್ ಕತ್ತರಿಸಿದರೆ ಮುದುಕಿಗೆ ಈ ಗೋಡೆ ತಪ್ಪಿದಂತೆಯೇ. ತಕರಾರು ತೆಗೆದರೆ ಇನ್ನು ಯಾವ ಊರಿನವರೂ ಫುಮಿಯೆಯನ್ನು ಕರೆಯುವುದಿಲ್ಲ.

ಜನ ಸೇರಿದರು. ಇದು ಎಲ್ಲರನ್ನೂ ತಬ್ಬಿಕೊಳ್ಳುವ ಬಿದಿರು ಎಂದು ಮೇಯರ್ ಭಾಷಣ ಬಿಗಿದರು. ಫುಮಿಯೆಯ ಕೈಗೆ ಬಿಳಿ ಕೈಗವಸು ತೊಡಿಸಿ, ಚಿನ್ನದ ಬಣ್ಣದ ಕತ್ತರಿ ಕೊಟ್ಟರು. ಅವಳು ರಿಬ್ಬನ್ನಿನ ಕೆಳಗೆ ನುಸುಳಿ ನೇರ ಗೋಡೆಯ ಬಳಿ ಹೋದಳು. ತುದಿಗಾಲಲ್ಲಿ ನಿಂತು ಹಗ್ಗಕ್ಕೆ ಕತ್ತರಿ ಹಾಕಿದಳು.

ತೋರಿಕೆಯ ಕತ್ತರಿ, ಹರಿತವಿಲ್ಲ. ನಾರು ಎಳೆಎಳೆಯಾಗಿ ಹರಿಯಿತು. ಕೈಗವಸು ಕಪ್ಪಾಯಿತು. ಕೊನೆಗೆ ಹಗ್ಗ ಕಿತ್ತುಬಂದು ಬಿದಿರ ಸೀಳುಗಳು ಒಂದರ ಹಿಂದೊಂದು ಚಟಚಟನೆ ಸಿಡಿದು, ನೆಟ್ಟಗಾಗಿ, ಗೋಡೆಯುದ್ದಕ್ಕೂ ನೆಲದ ಮೇಲೆ ಬಿದ್ದವು.

ಜನ ಮೇಯರ್ ಮುಖ ನೋಡಿದರು. ಆಮೇಲೆ ಮೇಯರ್ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. "ಅಬ್ಬಾ, ಏನು ಕಲ್ಪನೆ!" ಎಂದಳು ಒಬ್ಬಾಕೆ. ಫೋನುಗಳು ಮೇಲೆದ್ದವು. ಇದನ್ನೂ ಕಲೆ ಮಾಡಿಬಿಟ್ಟರಲ್ಲ ಎಂದು ಫುಮಿಯೆಗೆ ಅಳು ಬರುವಷ್ಟು ಅಸಹ್ಯವಾಯಿತು.

"ಚೆನ್ನಾಗಿತ್ತು ಸೆನ್ಸೇ," ಮುರೊಯಿ ನಗುತ್ತಲೇ ಹಲ್ಲು ಕಚ್ಚಿ ಪಿಸುಗುಟ್ಟಿದ. "ಮತ್ತೆ ಯಾವಾಗ ಕಟ್ತೀರಿ?"

"ಕಟ್ಟಲ್ಲ."

ಚಪ್ಪಾಳೆಯ ನಡುವೆಯೇ ಮುದುಕಿ ಕಂಬದ ಮರೆಯಿಂದ ಬಂದಳು. ಬಿದ್ದ ಬಿದಿರನ್ನು ಕಾಲಿಂದ ಸರಿಮಾಡಿ, ಅದರ ಮೇಲೆ ರಟ್ಟು ಹಾಸಿದಳು. ಬೂಟು ಕಳಚಿ, ಕುಕ್ಕುರುಗಾಲಲ್ಲಿ ಕೂತು, ಎರಡನ್ನೂ ತುದಿ ಹೊರಗೆ ಮಾಡಿ ಜೋಡಿಸಿದಳು. ಸೊಟ್ಟಗಿದ್ದ ಒಂದನ್ನು ಬೆರಳಿನಿಂದ ಸರಿಪಡಿಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಚಪ್ಪಾಳೆ ಆಗ ನಿಂತಿತು. ಕರೆಯದೆ ಯಾರದೋ ಮನೆಯೊಳಗೆ ಬೂಟುಗಾಲಲ್ಲಿ ನುಗ್ಗಿದವರಂತೆ ಜನ ತಮ್ಮ ತಮ್ಮ ಪಾದ ನೋಡಿಕೊಂಡು ಹಿಂದೆ ಸರಿದರು.