ಚಾಯ್ಸ್‌ಗೆ ಬಿಟ್ಟ ಪಾಠ

ಸೀಮೆಸುಣ್ಣ ಕಿರ್ರೆಂದಿತು, ಮುಂದಿನ ಬೆಂಚಿನ ಹುಡುಗಿಯರು ಹಲ್ಲು ಜುಮ್ಮೆಂದು ಮುಖ ಕಿವಿಚಿದರು, ಐ ಎಂಜಾಯ್ ರೀಡಿಂಗ್, ಐ ವಾಂಟ್ ಟು ರೀಡ್, ಎಂಜಾಯ್ ಬಂದರೆ ಇಂಗ್, ವಾಂಟ್ ಬಂದರೆ ಟು, ಹೇಳ್ರೇ ಎಲ್ಲರೂ — ನಲವತ್ತು ಗಂಟಲು ಒಟ್ಟಿಗೆ ಹೇಳುತ್ತವೆ, ಎಷ್ಟು ಸುಲಭ, ಗಿರಿಜಾದೇವಿಗೆ ಇದನ್ನು ಕಲಿಯಲು ಹಿಡಿದದ್ದು ಒಂದೇ ಒಂದು ಸಂಜೆ, ಮೊನ್ನೆ ಭಾನುವಾರ, ಹತ್ತೊಂಬತ್ತು ವರ್ಷ ಇಂಗ್ಲಿಷ್ ಮೇಡಂ ಅನ್ನಿಸಿಕೊಂಡ ಮೇಲೆ. ಅಷ್ಟು ವರ್ಷವೂ ಈ ಪಾಠ ಬಂದರೆ ಹಾಳೆ ಮಗುಚಿ ಮುಂದಕ್ಕೆ ಹೋದದ್ದೇ, ಇದನ್ನ ಚಾಯ್ಸ್‌ಗೆ ಬಿಟ್ಬಿಡಿ, ಪರೀಕ್ಷೆಗೆ ಬರಲ್ಲ — ತನಗೆ ಬಾರದ್ದಕ್ಕೆ ಪರೀಕ್ಷೆಗೆ ಬಾರದ್ದು ಅಂತ ಹೆಸರಿಟ್ಟು, ದಾವಣಗೆರೆಯಲ್ಲಿ ಓದುವಾಗ ಅವಳ ಮೇಷ್ಟರೂ ಹಾಗೇ ಬಿಟ್ಟಿದ್ದರಲ್ಲ, ಯಾರಿಗೇನು ನಷ್ಟವಾಗಿತ್ತು. ಆದರೆ ಜಲಜಾ ಈ ಬೆಂಚಿನವಳಲ್ಲ, ರಾಜಾಜಿನಗರದ ತನ್ನ ಮನೆಯ ಹಿಂದಿನ ಬೀದಿಯ ಸೊಸೆ, ಮದುವೆಗಾಗಿ ಬಿಟ್ಟ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದವಳು, ಸೀಮೆಎಣ್ಣೆ ಸ್ಟೋವಿನ ವಾಸನೆಯನ್ನು ಸೆರಗಿನಲ್ಲೇ ಹೊತ್ತು ಪಾಠಕ್ಕೆ ಓಡಿ ಬರುತ್ತಿದ್ದಳು, ಅರ್ಧ ಗಂಟೆ ಅಷ್ಟೇ ಮೇಡಂ, ಅತ್ತೆ ಗಡಿಯಾರ ನೋಡ್ಕೊಂಡು ಕೂತಿರ್ತಾರೆ. ಆ ಅತ್ತೆ ಗಂಗಲಕ್ಷ್ಮಮ್ಮ ಬೀದಿಯಲ್ಲೇ ನಿಲ್ಲಿಸಿ ಹೇಳಿದ್ದಳು, ಒಂದೇ ಸಲ ಮೇಡಮ್ಮೋರೇ, ಫೇಲಾದ್ರೆ ಪುಸ್ತಕ ಒಲೆಗೆ, ಸೊಸೆನ ಓದ್ಸಿ ಅಮಲ್ದಾರನ್ನ ಮಾಡ್ಬೇಕಾ ನಾವು. ಮೇಡಂ, ಇದೊಂದು ಹೇಳ್ಕೊಡಿ ಎಂದು ಜಲಜಾ ಎರಡು ಸಲ ಕೇಳಿದ್ದಳು, ಎರಡನೆಯ ಸಲ ಗಿರಿಜಾದೇವಿ ರೇಗಿದ್ದಳು, ಬರಲ್ಲ ಅಂದ್ನಲ್ಲಮ್ಮ, ನನಗಿಂತ ನಿನಗೆ ಗೊತ್ತಾ? ಬಂತು. ಐದು ಅಂಕಕ್ಕೆ. ಜಲಜಾ ನಪಾಸಾದದ್ದು ನಾಲ್ಕು ಅಂಕದಲ್ಲಿ, ಇಂಗ್ಲಿಷೊಂದರಲ್ಲೇ. ಇವತ್ತು ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಕಾದಿದ್ದಳು, ಬಾಳೆಲೆಯಲ್ಲಿ ಸುತ್ತಿದ ಕನಕಾಂಬರ, ನೀವು ಅಷ್ಟು ಕಷ್ಟಪಟ್ರಿ, ನನ್ನ ತಲೆಗೇ ಹತ್ಲಿಲ್ಲ ಮೇಡಂ, ಬೇಜಾರ್ ಮಾಡ್ಕೋಬೇಡಿ — ತಪ್ಪು ನಂದು ಕಣಮ್ಮ, ಮೂರೇ ಮಾತು, ನಾಲಿಗೆಯ ತುದಿಗೆ ಬಂದಿತ್ತು, ಬಾಯಿಂದ ಹೊರಟದ್ದು ಬೇರೆ, ಇನ್ನೂ ಸ್ವಲ್ಪ ಗಮನ ಇಟ್ಟು ಓದ್ಬೇಕಿತ್ತು ಕಣೇ. ಹೌದು ಮೇಡಂ ಅಂದಳು, ತಲೆ ತಗ್ಗಿಸಿ, ಅಂದುಬಿಟ್ಟಳಲ್ಲ, ಆ ಹೂವನ್ನು ಮುಡಿದುಕೊಂಡೇ ತಾನು ಇಲ್ಲಿ ನಿಂತು ಪಾಠ ಹೇಳುತ್ತಿದ್ದಾಳೆ, ತಲೆ ಭಾರ, ಕಿತ್ತೆಸೆಯಲೂ ಕೈ ಬಾರದು — ಮೇಡಂ, ಮುಂದೇನು ಬರ್ಕೋಬೇಕು, ಯಾರೋ ಕೇಳುತ್ತಿದ್ದಾರೆ, ಫಲಿತಾಂಶ ಬಂದ ದಿನದಿಂದ ಕಣ್ಣಿಗೆ ಕಟ್ಟಿದ್ದು ಮತ್ತೆ ಬಂದು ನಿಂತಿದೆ, ತಾನು ನೋಡದ ಆ ಪರೀಕ್ಷೆಯ ಕೊಠಡಿ, ಜಲಜಾ ಪ್ರಶ್ನೆಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, ಮೇಡಂ ಬರಲ್ಲ ಅಂದಿದ್ರು, ಅಚ್ಚಿನಲ್ಲೇ ತಪ್ಪಾಗಿರಬೇಕು ಅಂದುಕೊಂಡು, ಹೇಳೋಣವೆಂದು ಕೈ ಎತ್ತಿದ್ದಾಳೆ, ಗಾಜಿನ ಬಳೆಗಳು ಮೊಣಕೈವರೆಗೂ ಜಾರಿವೆ, ಯಾರೂ ಬರುತ್ತಿಲ್ಲ, ಆ ಕೈ ಎತ್ತಿದಂತೆಯೇ ಇದೆ