ಮೊದಲ ವೋಟು ಎದುರಾಳಿಯ ಮನೆಯಲ್ಲಿ

ಅಮೆರಿಕದ ಸರಟೋಗಾದ ಪಕ್ಕದ ಗುಡ್ಡದ ಮೇಲೆ ನಮ್ಮ ಊರು. ಮುನ್ನೂರು ಮನೆಯೂ ಇಲ್ಲ. ಅದರ ಕೌನ್ಸಿಲ್ ಚುನಾವಣೆಗೆ ನಾನು ನಿಂತೆ. ಎದುರಾಳಿ ಹೆರಾಲ್ಡ್, ಹದಿನಾರು ವರ್ಷದಿಂದ ಅದೇ ಸೀಟಿನಲ್ಲಿ ಕೂತವರು.

"ಮೊದ್ಲು ಎದುರಾಳಿ ಮನೇಲೇ ವೋಟು ಕೇಳ್ಬೇಕು ಕಣವ್ವ," ಎಂದರು ಮಂಡ್ಯದಿಂದ ಬಂದಿದ್ದ ಅತ್ತೆ ದೊಡ್ಡತಾಯಮ್ಮ. "ನಮ್ಮೂರ ಪಂಚಾಯ್ತೀಲಿ ಹಂಗೇಯ. ಬರಿಗೈಲಿ ಹೋಗ್ಬ್ಯಾಡ."

"ಇಲ್ಲಿ ಹಾಗೆಲ್ಲ ಮಾಡಿದ್ರೆ ಹುಚ್ಚಿ ಅಂತಾರೆ, ಅತ್ತೆ!" ಎಂದು ರೇಗಿದೆ. ಅವರು ಕಜ್ಜಾಯದ ಡಬ್ಬಿ ಕೈಗಿಟ್ಟರು, ಅಷ್ಟೆ.

ಹೆರಾಲ್ಡ್ ಮನೆಯ ಬೆಲ್ ಒತ್ತುವಾಗ ಅತ್ತೆಯನ್ನೂ ಅವರ ಊರನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ಬಾಗಿಲು ತೆರೆದ ಮುದುಕರಿಗೆ, ನಿಮ್ಮ ವಿರುದ್ಧ ನಿಂತಿದ್ದೇನೆ, ನಿಮ್ಮ ವೋಟು ನನಗೇ ಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಒಳಗೆ ಕರೆದು ಕೂರಿಸಿ, ಒಂದು ಕಜ್ಜಾಯ ಪೂರ್ತಿ ತಿಂದರು. ಎರಡು ಸಲ ಸೀಟು ಬಿಡಲು ಹೊರಟರೂ ಮುಂದೆ ಬರುವವರೇ ಇರಲಿಲ್ಲವಂತೆ. ಈ ಸಲ ಗುರುತಿಲ್ಲದವರೊಬ್ಬರು, ಅಂದರೆ ನಾನು, ನಿಂತಿದ್ದಾರೆಂದು ಹೆದರಿ ತಾವೂ ಅರ್ಜಿ ಹಾಕಿದ್ದರಂತೆ. ಅದನ್ನು ವಾಪಸು ಪಡೆಯಲು ನಾಳೆಯೇ ಕೊನೆಯ ದಿನ. ಬೆಳಿಗ್ಗೆಯೇ ಹೋಗುತ್ತೇನೆ ಎಂದರು.

ಓಡುವ ಹೆಜ್ಜೆಯಲ್ಲೇ ಮನೆಗೆ ಬಂದೆ.

"ವೋಟು ಕೊಡ್ತಾರಂತಾ?" ಎಂದರು ಅತ್ತೆ.

"ಸೀಟನ್ನೇ ಬಿಟ್ಟುಕೊಟ್ರು! ನಿಮ್ಮೂರಿನ ಪದ್ಧತಿ ಭಾರಿ ಕೆಲಸ ಮಾಡುತ್ತೆ ಅತ್ತೆ."

ದೊಡ್ಡತಾಯಮ್ಮ ಉಸ್ಸೆಂದು ಸೋಫಾದಲ್ಲಿ ಕೂತರು.

"ನಿಮ್ಮಾವ ಮೂರು ಸಲ ಹಂಗೇ ಕೇಳಕ್ಕೆ ಹೋಗಿದ್ರು," ಎಂದರು. "ಮೂರು ಸಲಾನೂ ಸೋತ್ರು."